ಮೊದಲ ಸಲ ಪ್ರೊಸೆಸರ್ ಓವರ್‌ಕ್ಲಾಕ್ ಮಾಡುವವರಿಗೆ

ಓವರ್‌ಕ್ಲಾಕ್ ಮಾಡಲು, ಅಂದರೆ ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಜೋರಾಗಿ ಪ್ರೊಸೆಸರನ್ನು ಓಡಿಸಲು, ಹೊರಟ ಪ್ರತಿಯೊಬ್ಬರೂ ಮೊದಲು ಕೇಳುವುದು ಒಂದೇ: ನನ್ನ ಪ್ರೊಸೆಸರ್ ಎಷ್ಟು ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ? ಇದಕ್ಕೆ ಉತ್ತರ ಹೇಳಬಲ್ಲದ್ದು ನಿಮ್ಮ ಚಿಪ್ ಮಾತ್ರ. ಒಂದೇ ಮಾಡೆಲ್, ಒಂದೇ ಪೆಟ್ಟಿಗೆ, ಒಂದೇ ಬೆಲೆಯ ಎರಡು ಚಿಪ್‌ಗಳನ್ನು ಅಕ್ಕಪಕ್ಕ ಇಟ್ಟರೂ ಒಂದು ಕಡಿಮೆ ವೋಲ್ಟೇಜಿನಲ್ಲೇ ಸಲೀಸಾಗಿ ಓಡುತ್ತದೆ, ಇನ್ನೊಂದು ಅದೇ ವೇಗಕ್ಕೆ ಜಾಸ್ತಿ ವೋಲ್ಟೇಜ್ ಕೇಳುತ್ತದೆ. ತಯಾರಿಕೆಯಲ್ಲಿ ಉಳಿಯುವ ಈ ಸಣ್ಣ ವ್ಯತ್ಯಾಸಕ್ಕೆ 'ಸಿಲಿಕಾನ್ ಲಾಟರಿ' ಅನ್ನುತ್ತಾರೆ. ಆದ್ದರಿಂದ ಬೇರೆಯವರ ಅಂಕಿಗಳನ್ನು ನಕಲು ಮಾಡಿ ಪ್ರಯೋಜನವಿಲ್ಲ. ಕಲಿಯಬೇಕಾದದ್ದು ನಿಮ್ಮ ಚಿಪ್‌ನ ಬಾಯಿಂದ ಉತ್ತರ ಹೊರಡಿಸುವ ಕ್ರಮವನ್ನು. ಈ ಲೇಖನ ಪೂರ್ತಿ ಆ ಕ್ರಮದ ಬಗ್ಗೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಅನ್ನುವ ಅಗ್ಗದ ಚಿಪ್ ಬಂದಿತ್ತು. ಅದರ ಮಲ್ಟಿಪ್ಲೈಯರ್ 4.5, ಬಸ್ ವೇಗ 66 ಮೆಗಾಹರ್ಟ್ಸ್, ಇವೆರಡನ್ನು ಗುಣಿಸಿದರೆ ಚಿಪ್‌ನ ವೇಗ. ಬಸ್ಸನ್ನು 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಚಿಪ್ 450ರಲ್ಲಿ ಓಡುತ್ತಿತ್ತು. ಒಂದೂವರೆ ಪಟ್ಟು ವೇಗ, ಬಿಟ್ಟಿಯಾಗಿ! ಆ ಕಾಲ ಹೋಯಿತು. ಈಗ ಕಂಪನಿಗಳೇ ಟರ್ಬೊ, ಬೂಸ್ಟ್ ಎಂದು ಚಿಪ್‌ನ ಶಕ್ತಿಯ ಬಹುಪಾಲನ್ನು ಹಿಂಡಿಯೇ ಮಾರುತ್ತವೆ. ನಮಗೆ ಉಳಿಯುವುದು ಸ್ವಲ್ಪ. ವಿಡಿಯೊ ರೆಂಡರ್, ಕೋಡ್ ಕಂಪೈಲ್ ಥರದ ಕೆಲಸದಲ್ಲಿ ಆ ಸ್ವಲ್ಪವೂ ಕಾಣುತ್ತದೆ. 4ಕೆ ರೆಸಲ್ಯೂಶನ್ನಿನ ಗೇಮ್‌ಗಳಲ್ಲಿ ಅಡ್ಡ ನಿಲ್ಲುವುದು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡ್, ಅಲ್ಲಿ ವ್ಯತ್ಯಾಸವೇ ತಿಳಿಯದಿರಬಹುದು. ಆದರೂ ನಾನು ಇದನ್ನು ಕಲಿಯಿರಿ ಅನ್ನುತ್ತೇನೆ. ಒಂದು ವಾರಾಂತ್ಯ ಇದರೊಂದಿಗೆ ಕೂತರೆ ನಿಮ್ಮ ಕಂಪ್ಯೂಟರಿನ ವೋಲ್ಟೇಜ್, ಶಾಖ, ಸ್ಥಿರತೆಗಳ ಬಗ್ಗೆ ತಿಳಿಯುವಷ್ಟು ಬೇರೆ ಯಾವ ರೀತಿಯಲ್ಲೂ ತಿಳಿಯುವುದಿಲ್ಲ.

ಅಸಲಿಗೆ ಇದು ಏನು?

ಪ್ರೊಸೆಸರಿನ ವೇಗ ಅಂದರೆ ಒಂದು ಗುಣಾಕಾರ. ಬೇಸ್ ಕ್ಲಾಕ್ ಸಾಮಾನ್ಯವಾಗಿ 100 ಮೆಗಾಹರ್ಟ್ಸ್, ಅದಕ್ಕೊಂದು ಮಲ್ಟಿಪ್ಲೈಯರ್. ಮಲ್ಟಿಪ್ಲೈಯರ್ 41 ಆದರೆ 4.1 ಗಿಗಾಹರ್ಟ್ಸ್, 47 ಆದರೆ 4.7. ಹೊಸಬರು ಮುಟ್ಟಬೇಕಾದದ್ದು ಮಲ್ಟಿಪ್ಲೈಯರನ್ನು ಮಾತ್ರ. ಬೇಸ್ ಕ್ಲಾಕ್ ಬದಲಿಸಿದರೆ ಮೆಮೊರಿಯೂ ಅದರ ಜೊತೆ ಅಲುಗಾಡುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಬೇರೆ ಭಾಗಗಳೂ ಅಲುಗಾಡುತ್ತವೆ. ತಪ್ಪು ಎಲ್ಲಿ ಅಂತ ಹುಡುಕುವುದೇ ಆಮೇಲೆ ಕಷ್ಟ.

ವೇಗ ಏರಿಸಿದರೆ ಚಿಪ್ ಯಾಕೆ ಕೈಕೊಡುತ್ತದೆ? 5 ಗಿಗಾಹರ್ಟ್ಸ್‌ನಲ್ಲಿ ಗಡಿಯಾರದ ಒಂದು ಬಡಿತಕ್ಕೆ ಸಿಗುವ ಸಮಯ 200 ಪಿಕೋಸೆಕೆಂಡ್. ಅಷ್ಟರಲ್ಲಿ ಬೆಳಕು ಕೂಡ 6 ಸೆಂಟಿಮೀಟರ್ ಮಾತ್ರ ಸಾಗುತ್ತದೆ. ಆ ಸಮಯದೊಳಗೆ ಸಿಗ್ನಲ್ ಒಂದರ ಹಿಂದೊಂದು ಹಲವು ಟ್ರಾನ್ಸಿಸ್ಟರ್‌ಗಳನ್ನು ದಾಟಿ ಗುರಿ ಮುಟ್ಟಬೇಕು. ಮುಟ್ಟುವ ಮೊದಲೇ ಮುಂದಿನ ಬಡಿತ ಬಂದರೆ ಲೆಕ್ಕ ತಪ್ಪುತ್ತದೆ. ವೋಲ್ಟೇಜ್ ಹೆಚ್ಚು ಕೊಟ್ಟರೆ ಟ್ರಾನ್ಸಿಸ್ಟರ್‌ಗಳು ಚುರುಕಾಗಿ ಸ್ವಿಚ್ ಆಗುತ್ತವೆ, ಸಿಗ್ನಲ್ ಸಮಯಕ್ಕೆ ಸರಿಯಾಗಿ ತಲುಪುತ್ತದೆ. ವೇಗದ ಜೊತೆ ವೋಲ್ಟೇಜನ್ನೂ ಏರಿಸುವುದು ಇದಕ್ಕೇ.

ಅದರ ಬೆಲೆ ಶಾಖ. ಚಿಪ್ ಕುಡಿಯುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ನೇರವಾಗಿ ಏರುತ್ತದೆ, ವೋಲ್ಟೇಜಿಗೆ ಮಾತ್ರ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಈ ಒಂದು ಸಾಲು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ನಿಮ್ಮ ಚಿಪ್, ನಿಮ್ಮ ಬೋರ್ಡ್ ಒಪ್ಪುತ್ತವೆಯೇ?

ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಕೆ' ಇರುವ ಚಿಪ್ (ಕೆಎಫ್, ಕೆಎಸ್ ಕೂಡ ಸೇರಿ) ಬೇಕು. ಜೊತೆಗೆ 'ಜೆಡ್' ಸರಣಿಯ ಚಿಪ್‌ಸೆಟ್ ಇರುವ ಮದರ್‌ಬೋರ್ಡ್ ಬೇಕು, ಜೆಡ್370, ಜೆಡ್490, ಜೆಡ್690, ಜೆಡ್790 ಹೀಗೆ. ಬಿ660, ಬಿ760 ಬೋರ್ಡ್‌ಗಳಲ್ಲಿ ಮೆಮೊರಿ ವೇಗ ಏರಿಸಬಹುದು, ಪ್ರೊಸೆಸರಿನ ಮಲ್ಟಿಪ್ಲೈಯರ್ ಏರಿಸಲು ಆಗದು.

ಎಎಂಡಿ ಇಲ್ಲಿ ಉದಾರಿ. ಡೆಸ್ಕ್‌ಟಾಪ್ ರೈಜನ್ ಚಿಪ್‌ಗಳು ಹೆಚ್ಚುಕಮ್ಮಿ ಎಲ್ಲವೂ ಅನ್‌ಲಾಕ್ ಆಗಿಯೇ ಬರುತ್ತವೆ. 'ಬಿ' ಮತ್ತು 'ಎಕ್ಸ್' ಸರಣಿಯ ಬೋರ್ಡ್ ಸಾಕು, ಎ320, ಎ520, ಎ620 ಬೋರ್ಡ್‌ಗಳು ಒಪ್ಪುವುದಿಲ್ಲ. ಇದಕ್ಕೊಂದು ಅಪವಾದ 5800ಎಕ್ಸ್3ಡಿ. ಅದರ ಮಲ್ಟಿಪ್ಲೈಯರ್‌ಗೆ ಬೀಗ ಹಾಕಿದ್ದಾರೆ.

ಲ್ಯಾಪ್‌ಟಾಪ್ ಇರುವವರು ಈ ಲೇಖನವನ್ನು ಓದಿ ತಿಳಿದುಕೊಳ್ಳಿ, ಪ್ರಯೋಗ ಬೇಡ. ಆ ತೆಳ್ಳನೆಯ ಕೂಲರ್‌ಗೆ ಇರುವ ಶಾಖವನ್ನೇ ಹೊರಹಾಕಲು ಕಷ್ಟ.

ಚಿಪ್ ಬೋರ್ಡ್ ಎರಡೂ ಸರಿ ಇದ್ದರೆ ಕೂಲರ್ ಕಡೆ ನೋಡಿ. ಪೆಟ್ಟಿಗೆಯ ಜೊತೆ ಬಂದ ಸಣ್ಣ ಕೂಲರ್ ಇದಕ್ಕೆ ಸಾಲದು. ದೊಡ್ಡ ಟವರ್ ಏರ್ ಕೂಲರ್ ಅಥವಾ 240 ಮಿಲಿಮೀಟರಿನ ಲಿಕ್ವಿಡ್ ಕೂಲರ್ ಇದ್ದರೆ ಕಲಿಯಲು ಅಡ್ಡಿಯಿಲ್ಲ. ಹಳೆಯ ಥರ್ಮಲ್ ಪೇಸ್ಟ್ ಒಣಗಿದ್ದರೆ ಒರೆಸಿ ಹೊಸದು ಹಾಕಿ, ನಡುವೆ ಬಟಾಣಿ ಕಾಳಿನಷ್ಟು ಸಾಕು. ಕೇಸಿನ ಗಾಳಿ ದಾರಿ, ಧೂಳು ಹಿಡಿದ ಫಿಲ್ಟರ್ ಕೂಡ ನೋಡಿಕೊಳ್ಳಿ. ಹೊಸಬರು ಮರೆಯುವ ಇನ್ನೊಂದು ಭಾಗ ವಿಆರ್‌ಎಂ, ಅಂದರೆ ಪ್ರೊಸೆಸರ್ ಸಾಕೆಟ್ಟಿನ ಅಂಚಿನಲ್ಲಿದ್ದು 12 ವೋಲ್ಟನ್ನು ಚಿಪ್‌ಗೆ ಬೇಕಾದ ಒಂದು ಚಿಲ್ಲರೆ ವೋಲ್ಟಿಗೆ ಇಳಿಸುವ ಸರ್ಕ್ಯೂಟ್. ಅದರ ಮೇಲೆ ಲೋಹದ ಹೀಟ್‌ಸಿಂಕ್ ಇಲ್ಲದ ಬೋರ್ಡ್ ಆಗಿದ್ದರೆ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ.

ವಾರಂಟಿ ವಿಷಯವನ್ನೂ ತಿಳಿದೇ ಮುಂದುವರಿಯಿರಿ. ಚಿಪ್ ಅನ್‌ಲಾಕ್ ಆಗಿದೆ ಅಂದ ಮಾತ್ರಕ್ಕೆ ಓವರ್‌ಕ್ಲಾಕ್‌ನಿಂದ ಆದ ಹಾನಿಯನ್ನು ಕಂಪನಿ ಹೊರುತ್ತದೆ ಅಂತಲ್ಲ. ತಿಂಗಳ ಸಂಬಳ ತರುವ ಕೆಲಸ ಇದೇ ಒಂದು ಕಂಪ್ಯೂಟರಿನ ಮೇಲೆ ನಿಂತಿದ್ದರೆ ನನ್ನ ಸಲಹೆ: ಬೇಡ.

ಶುರು ಮಾಡುವ ಮುಂಚೆ

ಬ್ಯಾಕಪ್. ಇದನ್ನು ಎಲ್ಲರೂ ಹೇಳುತ್ತಾರೆ, ಕೇಳುವವರು ಕಡಿಮೆ, ಅದಕ್ಕೇ ಕಾರಣ ಹೇಳುತ್ತೇನೆ. ಅಸ್ಥಿರ ಓವರ್‌ಕ್ಲಾಕ್ ಅಂದರೆ ಕಂಪ್ಯೂಟರ್ ನೀಲಿ ಪರದೆ ತೋರಿಸಿ ನಿಲ್ಲುವುದು ಅಂತ ನಾನೂ ಅಂದುಕೊಂಡಿದ್ದೆ. ಮೊದಲ ಪ್ರಯತ್ನದಲ್ಲಿ ಹತ್ತು ನಿಮಿಷದ ಪರೀಕ್ಷೆ ದಾಟಿದ ಕೂಡಲೇ ಆಯಿತು ಅಂತ ಎದ್ದುಬಿಟ್ಟೆ. ಎರಡು ವಾರ ಒಂದು ಸಲವೂ ಕ್ರ್ಯಾಶ್ ಆಗಲಿಲ್ಲ. ಆಮೇಲೆ ಒಂದು ದಿನ, ಆ ಎರಡು ವಾರದಲ್ಲೇ ಮಾಡಿಟ್ಟಿದ್ದ ಜಿಪ್ ಫೈಲ್ ತೆರೆಯಲು ಹೋದರೆ ಸಿಆರ್‌ಸಿ ಎರರ್. ಇನ್ನೊಂದು ತೆರೆದೆ, ಅದೂ ಹಾಳು. ಮೂಲ ಫೋಟೊಗಳನ್ನು ಅಳಿಸಿಯಾಗಿತ್ತು. ಪ್ರೊಸೆಸರ್ ನಡುನಡುವೆ ಒಂದೊಂದು ಬಿಟ್ ತಪ್ಪು ಲೆಕ್ಕ ಹಾಕುತ್ತ, ಸದ್ದಿಲ್ಲದೆ ಅದನ್ನೇ ಡಿಸ್ಕಿಗೆ ಬರೆಯುತ್ತಿತ್ತು. ಆ ಫೋಟೊಗಳು ಮರಳಿ ಬರಲಿಲ್ಲ. ಆದ್ದರಿಂದ ಪ್ರಯೋಗದ ದಿನಗಳಲ್ಲಿ ಬ್ಯಾಕಪ್ ಡಿಸ್ಕನ್ನು ಕಳಚಿ ಪಕ್ಕಕ್ಕಿಡಿ, ಆ ಅವಧಿಯಲ್ಲಿ ಮುಖ್ಯವಾದ ಯಾವ ಫೈಲನ್ನೂ ತಯಾರಿಸಬೇಡಿ, ನಕಲು ಮಾಡಬೇಡಿ.

ಎರಡನೆಯದು ಬಯಾಸ್ (ಆನ್ ಮಾಡಿದ ಕೂಡಲೇ ಓಡುವ, ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಸಾಫ್ಟ್‌ವೇರ್) ಅಪ್‌ಡೇಟ್. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ ಇರುವವರಿಗೆ ಇದು ಕಡ್ಡಾಯ ಅಂತಲೇ ಹೇಳುತ್ತೇನೆ. ಅವುಗಳಲ್ಲಿ ಕೆಲವು ಚಿಪ್‌ಗಳು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆದು ಕ್ರಮೇಣ ಸವೆಯುತ್ತಿದ್ದವು. 2024ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಇಂಟೆಲ್ ಇದಕ್ಕೆ ಮೈಕ್ರೋಕೋಡ್ (ಚಿಪ್‌ನ ಒಳಗಿನ ಸೂಚನೆಗಳು) ತಿದ್ದುಪಡಿ ಕೊಟ್ಟು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತು. ಆ ತಿದ್ದುಪಡಿ ಇರುವ ಬಯಾಸ್ ಇಲ್ಲದೆ ಆ ಚಿಪ್‌ಗಳ ವೋಲ್ಟೇಜ್ ಮುಟ್ಟಬೇಡಿ.

ಮೂರನೆಯದು, ಸಿಮಾಸ್ ಕ್ಲಿಯರ್ ಮಾಡುವುದನ್ನು, ಅಂದರೆ ಬಯಾಸ್ ಸೆಟ್ಟಿಂಗ್‌ಗಳನ್ನೆಲ್ಲ ಅಳಿಸಿ ಡೀಫಾಲ್ಟ್‌ಗೆ ತರುವುದನ್ನು, ಈಗಲೇ ಕಲಿಯಿರಿ. ತಪ್ಪು ಸೆಟ್ಟಿಂಗಿನಿಂದ ಕಂಪ್ಯೂಟರ್ ಪರದೆಯನ್ನೇ ತೋರಿಸದಿದ್ದರೆ ಕೈಹಿಡಿಯುವುದು ಇದೊಂದೇ. ಕೆಲವು ಬೋರ್ಡ್‌ಗಳಲ್ಲಿ ಹಿಂಬದಿಯಲ್ಲಿ ಬಟನ್ ಇರುತ್ತದೆ. ಇಲ್ಲದಿದ್ದರೆ ಬೋರ್ಡಿನ ಮೇಲೆ ಎರಡು ಪಿನ್‌ಗಳು, ಅವನ್ನು ಸ್ಕ್ರೂಡ್ರೈವರ್ ತುದಿಯಿಂದ ಕೆಲವು ಸೆಕೆಂಡ್ ಜೋಡಿಸಬೇಕು. ಅದೂ ಸಿಗದಿದ್ದರೆ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಡಬೇಕು. ಯಾವುದೇ ಆದರೂ ಪವರ್ ಕೇಬಲ್ ಕಿತ್ತ ಮೇಲೆಯೇ. ಮ್ಯಾನ್ಯುಯಲ್ ನೋಡಿ ಆ ಪಿನ್‌ಗಳು ಎಲ್ಲಿವೆ ಅಂತ ಗುರುತಿಟ್ಟುಕೊಳ್ಳಿ. ಕತ್ತಲ ಪರದೆಯ ಮುಂದೆ ಕೂತು ಹುಡುಕುವ ಪಾಡು ಬೇಡ.

ಬೇಕಾದ ಸಾಫ್ಟ್‌ವೇರ್ ಹೆಚ್ಚಿಲ್ಲ. ಉಷ್ಣಾಂಶ, ವೋಲ್ಟೇಜ್ ನೋಡಲು ಎಚ್‌ಡಬ್ಲ್ಯೂಇನ್ಫೊ, ಅಂಕ ತಿಳಿಯಲು ಮತ್ತು ಬೇಗನೆ ಪರೀಕ್ಷಿಸಲು ಸಿನೆಬೆಂಚ್, ಗಟ್ಟಿ ಪರೀಕ್ಷೆಗೆ ಪ್ರೈಮ್95 ಅಥವಾ ಒಸಿಸಿಟಿ. ಜೊತೆಗೆ ಒಂದು ನೋಟ್‌ಬುಕ್ಕು, ಕಾಗದದ್ದು. ಕ್ರ್ಯಾಶ್ ಆಗುವ ಯಂತ್ರದಲ್ಲೇ ಟಿಪ್ಪಣಿ ಬರೆದಿಟ್ಟರೆ ಅದೂ ಹೋಗುತ್ತದೆ.

ಮೊದಲು ಇದ್ದದ್ದನ್ನು ಇದ್ದಂತೆ ಅಳೆಯಿರಿ

ಬಯಾಸ್‌ಗೆ ಹೋಗಿ (ಹೆಚ್ಚಿನ ಬೋರ್ಡ್‌ಗಳಲ್ಲಿ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಬೇಕು) ಡೀಫಾಲ್ಟ್ ಸೆಟ್ಟಿಂಗ್ ಹಾಕಿ ಸೇವ್ ಮಾಡಿ. ಮೆಮೊರಿಯ ವೇಗ ಏರಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಆನ್ ಇದ್ದರೆ ಸದ್ಯಕ್ಕೆ ಆಫ್ ಮಾಡಿ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಕ್ರ್ಯಾಶ್ ಆದಾಗ ತಪ್ಪು ಮೆಮೊರಿಯದೋ ಪ್ರೊಸೆಸರಿನದೋ ತಿಳಿಯದು.

ವಿಂಡೋಸ್‌ಗೆ ಬಂದು ಸಿನೆಬೆಂಚನ್ನು ಹತ್ತು ನಿಮಿಷ ಓಡಿಸಿ. ಅಂಕ, ಅತಿ ಹೆಚ್ಚು ಉಷ್ಣಾಂಶ, ಲೋಡ್‌ನಲ್ಲಿ (ಭಾರ ಬಿದ್ದಾಗ) ಎಲ್ಲ ಕೋರ್‌ಗಳೂ (ಚಿಪ್‌ನೊಳಗಿನ ಲೆಕ್ಕದ ಘಟಕಗಳು) ನಿಂತ ವೇಗ, ವಿಕೋರ್, ಕೋಣೆಯ ಉಷ್ಣಾಂಶ, ಇಷ್ಟನ್ನು ಬರೆದುಕೊಳ್ಳಿ. ಎಚ್‌ಡಬ್ಲ್ಯೂಇನ್ಫೊದಲ್ಲಿ 'ವಿಐಡಿ' ಮತ್ತು 'ವಿಕೋರ್' ಎರಡೂ ಕಾಣುತ್ತವೆ. ವಿಐಡಿ ಅಂದರೆ ಚಿಪ್ ಕೇಳುವ ವೋಲ್ಟೇಜ್, ವಿಕೋರ್ ಅಂದರೆ ಅದಕ್ಕೆ ಸಿಗುತ್ತಿರುವುದು. ನಮಗೆ ಬೇಕಾದದ್ದು ವಿಕೋರ್, ಅದೂ ಲೋಡ್ ಇರುವಾಗಿನದು.

ಏನನ್ನೂ ಮುಟ್ಟದೆಯೇ ಇಲ್ಲಿ 90 ಡಿಗ್ರಿ ಸೆಲ್ಸಿಯಸ್ ಕಂಡರೆ ಮುಂದೆ ಹೋಗಬೇಡಿ, ಮೊದಲು ಕೂಲರ್ ಸರಿಮಾಡಿ. ಹೊಸ ಚಿಪ್‌ಗಳಲ್ಲಿ ಕೆಲವನ್ನು 95 ಡಿಗ್ರಿವರೆಗೆ ತಾವೇ ಹೋಗುವಂತೆ ರೂಪಿಸಿದ್ದಾರೆ ನಿಜ, ರೈಜನ್ 7000 ಸರಣಿ ಹಾಗೆಯೇ. ಅಂಥವುಗಳಲ್ಲಿ ಕೈಯಿಂದ ವೋಲ್ಟೇಜ್ ಏರಿಸಿ ಗಳಿಸುವುದು ಏನೂ ಇಲ್ಲ. ಅಂಥ ಚಿಪ್ ಇರುವವರು ಕೆಳಗೆ ಬರುವ ರೈಜನ್ ಭಾಗಕ್ಕೆ ನೇರವಾಗಿ ಹೋಗಬಹುದು.

ಬಯಾಸ್‌ನಲ್ಲಿ ಮುಟ್ಟಬೇಕಾದದ್ದು ನಾಲ್ಕೇ

ಪರದೆಯ ತುಂಬ ನೂರಾರು ಸಾಲು ಕಾಣುತ್ತವೆ. ಗಾಬರಿ ಬೇಡ, ನಾಲ್ಕನ್ನು ಬಿಟ್ಟು ಉಳಿದೆಲ್ಲ ಆಟೋದಲ್ಲೇ ಇರಲಿ.

ಮೊದಲು ಮಲ್ಟಿಪ್ಲೈಯರ್. ಎಲ್ಲ ಕೋರ್‌ಗಳಿಗೂ ಒಂದೇ ಅಂಕಿ ಕೊಡುವ 'ಸಿಂಕ್ ಆಲ್ ಕೋರ್ಸ್' ಥರದ ಆಯ್ಕೆ ಹಾಕಿ. ಇಂಟೆಲ್ 12ನೇ ತಲೆಮಾರಿನಿಂದ ಈಚೆಗೆ ಚುರುಕಿನ ಪಿ ಕೋರ್, ವಿದ್ಯುತ್ತು ಉಳಿಸುವ ಇ ಕೋರ್ ಎಂದು ಎರಡು ಬಗೆ ಇವೆ. ಪಿ ಕೋರ್‌ಗಳನ್ನು ಮಾತ್ರ ಏರಿಸಿ.

ಎರಡನೆಯದು ಕೋರ್ ವೋಲ್ಟೇಜ್. ಇದರಲ್ಲಿ ಫಿಕ್ಸೆಡ್, ಆಫ್‌ಸೆಟ್, ಅಡಾಪ್ಟಿವ್ ಎಂಬ ವಿಧಾನಗಳಿವೆ. ಹುಡುಕಾಟ ಮುಗಿಯುವವರೆಗೆ ಫಿಕ್ಸೆಡ್ ಒಳ್ಳೆಯದು, ಅಂಕಿ ಅಲುಗಾಡುವುದಿಲ್ಲ. ಕೊನೆಗೆ ಅಡಾಪ್ಟಿವ್‌ಗೆ ಬದಲಿಸಿದರೆ ಕೆಲಸವಿಲ್ಲದಾಗ ವೋಲ್ಟೇಜ್ ತಾನೇ ಇಳಿಯುತ್ತದೆ. ಆಟೋದಲ್ಲಿ ಮಾತ್ರ ಬಿಡಬೇಡಿ. ಮಲ್ಟಿಪ್ಲೈಯರ್ ಏರಿದ್ದನ್ನು ನೋಡಿ ಬೋರ್ಡ್ ತನ್ನ ಅಂದಾಜಿನಲ್ಲಿ ವೋಲ್ಟೇಜ್ ಸುರಿಯುತ್ತದೆ, ಆ ಅಂದಾಜು ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಜಾಸ್ತಿಯೇ.

ಮೂರನೆಯದು ಲೋಡ್‌ಲೈನ್ ಕ್ಯಾಲಿಬ್ರೇಶನ್, ಚಿಕ್ಕದಾಗಿ ಎಲ್‌ಎಲ್‌ಸಿ. ಚಿಪ್ ಮೇಲೆ ಭಾರ ಬಿದ್ದಾಗ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ. ಬಯಾಸ್‌ನಲ್ಲಿ 1.25 ಕೊಟ್ಟಿದ್ದರೂ ಲೋಡ್‌ನಲ್ಲಿ 1.20 ಕಾಣಬಹುದು. ಎಲ್‌ಎಲ್‌ಸಿ ಆ ಕುಸಿತವನ್ನು ಎಷ್ಟು ತಡೆಯಬೇಕು ಅಂತ ಹೇಳುತ್ತದೆ. ನಡುವಿನ ಹಂತ ಹಾಕಿ. ಅತಿ ಗಟ್ಟಿಯಾದ ಹಂತ ಹಾಕಿದರೆ ಭಾರ ಇಳಿದ ಕ್ಷಣದಲ್ಲಿ ವೋಲ್ಟೇಜ್ ಗುರಿ ಮೀರಿ ಮೇಲಕ್ಕೆ ಚಿಮ್ಮುತ್ತದೆ, ಅದು ಸಾಫ್ಟ್‌ವೇರಿನ ಕಣ್ಣಿಗೂ ಬೀಳುವುದಿಲ್ಲ. ಒಂದು ಎಚ್ಚರಿಕೆ: ಕೆಲವು ಬೋರ್ಡ್‌ಗಳಲ್ಲಿ ಹಂತ 1 ಅಂದರೆ ಅತಿ ಸೌಮ್ಯ, ಇನ್ನು ಕೆಲವಲ್ಲಿ ಹಂತ 1 ಅಂದರೆ ಅತಿ ಗಟ್ಟಿ. ಬೇರೆ ಬೋರ್ಡಿನವರ ಸಲಹೆ ಇಲ್ಲಿ ತಿರುಗುಬಾಣ ಆಗಬಹುದು, ನಿಮ್ಮ ಮ್ಯಾನ್ಯುಯಲ್ ನೋಡಿ.

ನಾಲ್ಕನೆಯದು 'ಮಲ್ಟಿಕೋರ್ ಎನ್‌ಹಾನ್ಸ್‌ಮೆಂಟ್' ಥರದ, ಬೋರ್ಡ್ ತಾನಾಗಿಯೇ ವೇಗ ಏರಿಸುವ ಸೌಲಭ್ಯ. ಆಫ್ ಮಾಡಿ. ಒಂದು ಸ್ಟೀರಿಂಗಿಗೆ ಇಬ್ಬರು ಕೈಹಾಕಬಾರದು.

ಏರಿಸುವುದು

ಇಡೀ ಕೆಲಸಕ್ಕೆ ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ವೇಗವನ್ನೂ ವೋಲ್ಟೇಜನ್ನೂ ಒಟ್ಟಿಗೆ ಏರಿಸಿ ಕ್ರ್ಯಾಶ್ ಆದರೆ ಏನು ಕಲಿತಂತಾಯಿತು?

ವೋಲ್ಟೇಜನ್ನು ಲೋಡ್‌ನಲ್ಲಿ ಕಂಡ ಡೀಫಾಲ್ಟ್ ವಿಕೋರ್‌ನ ಹತ್ತಿರ, ತುಸು ಮೇಲೆ ಕಟ್ಟಿಹಾಕಿ. ಮಲ್ಟಿಪ್ಲೈಯರ್ ಒಂದು ಏರಿಸಿ. ವಿಂಡೋಸ್‌ಗೆ ಬನ್ನಿ, ಸಿನೆಬೆಂಚ್ ಹತ್ತು ನಿಮಿಷ, ಉಷ್ಣಾಂಶ ಬರೆದುಕೊಳ್ಳಿ. ದಾಟಿತೇ? ಮತ್ತೆ ಒಂದು ಏರಿಸಿ. ಎಲ್ಲೋ ಒಂದು ಕಡೆ ಪರದೆ ಸ್ತಬ್ಧವಾಗುತ್ತದೆ, ನೀಲಿ ಪರದೆ ಬರುತ್ತದೆ ಅಥವಾ ಕಂಪ್ಯೂಟರ್ ತಾನೇ ಮರುಶುರುವಾಗುತ್ತದೆ. ಹೆದರಬೇಡಿ, ಇದರಿಂದ ಚಿಪ್ ಹಾಳಾಗುವುದಿಲ್ಲ. ಆ ವೋಲ್ಟೇಜಿನಲ್ಲಿ ಆ ವೇಗ ಆಗದು ಅಂತ ಚಿಪ್ ಹೇಳುತ್ತಿದೆ, ಅಷ್ಟೆ. ಈಗ ಮಲ್ಟಿಪ್ಲೈಯರನ್ನು ಅಲ್ಲೇ ಬಿಟ್ಟು ವೋಲ್ಟೇಜನ್ನು 0.01ರಿಂದ 0.02 ವೋಲ್ಟ್‌ನಷ್ಟು ಮಾತ್ರ ಏರಿಸಿ ಮತ್ತೆ ನೋಡಿ.

ನನ್ನ ನೋಟ್‌ಬುಕ್ಕಿನ ಒಂದು ಪುಟವನ್ನು, ನಡುವಿನ ಕೆಲವು ಸಾಲು ಬಿಟ್ಟು, ತೋರಿಸುತ್ತೇನೆ. ಚಿಪ್ ಕೋರ್ ಐ5-8600ಕೆ, ಆರು ಕೋರ್, ಡೀಫಾಲ್ಟ್‌ನಲ್ಲಿ ಎಲ್ಲ ಕೋರ್‌ಗಳೂ 4.1 ಗಿಗಾಹರ್ಟ್ಸ್.

45, 1.25 ವೋಲ್ಟ್: ದಾಟಿತು, 68 ಡಿಗ್ರಿ
46, 1.25: ದಾಟಿತು, 69
47, 1.25: ದಾಟಿತು, 71
48, 1.25: ಎರಡನೇ ನಿಮಿಷಕ್ಕೆ ನೀಲಿ ಪರದೆ
48, 1.27: ಎಂಟನೇ ನಿಮಿಷಕ್ಕೆ ಸ್ತಬ್ಧ
48, 1.30: ದಾಟಿತು, 78
49, 1.33: ಸಿನೆಬೆಂಚ್ ತಾನೇ ಮುಚ್ಚಿಕೊಂಡಿತು
49, 1.36: ದಾಟಿತು, 88

ಈ ಪುಟವನ್ನು ನಿಧಾನವಾಗಿ ಓದಿ, ಬೆಟ್ಟದ ಆಕಾರ ಕಾಣುತ್ತದೆ. 47ರವರೆಗೆ ದಾರಿ ಸಮತಟ್ಟು. ಅಲ್ಲಿಂದ ಮುಂದೆ ಒಂದೊಂದು ಹೆಜ್ಜೆಗೂ 0.05, 0.06 ವೋಲ್ಟ್ ಕೇಳುತ್ತಿದೆ. ಈಗ ಮೇಲೆ ಹೇಳಿದ ವರ್ಗದ ಲೆಕ್ಕ ಹಾಕಿ. 1.25ರಿಂದ 1.36ಕ್ಕೆ ಹೋದರೆ ವೋಲ್ಟೇಜಿನ ಪಾಲು 1.18 ಪಟ್ಟು. ವೇಗದ ಪಾಲು 1.04 ಪಟ್ಟು. ಎರಡನ್ನೂ ಗುಣಿಸಿದರೆ ಸುಮಾರು 1.23. ಅಂದರೆ ಶೇ 4ರಷ್ಟು ವೇಗಕ್ಕಾಗಿ ಶೇ 23ರಷ್ಟು ಹೆಚ್ಚು ವಿದ್ಯುತ್ತು, ಅಷ್ಟೇ ಶಾಖ. 4.9 ಅನ್ನುವ ಅಂಕಿ ಚೆಂದ ಕಾಣುತ್ತಿತ್ತು, ಆದರೂ ನಾನು ಇಳಿದು 47ಕ್ಕೆ ಬಂದೆ. ಡೀಫಾಲ್ಟ್‌ಗಿಂತ ಅದೂ ಶೇ 14ಕ್ಕಿಂತ ಹೆಚ್ಚೇ. ದಾರಿ ಕಡಿದಾಗಲು ಶುರುವಾಗುವ ಆ ಜಾಗವನ್ನು ಹುಡುಕುವುದೇ ಓವರ್‌ಕ್ಲಾಕಿಂಗ್ ಅಂತ ನನ್ನ ನಂಬಿಕೆ. ತುದಿಯ ಅಂಕಿ ಯಾರಿಗಾದರೂ ಸಿಗುತ್ತದೆ, ಅದರಲ್ಲಿ ದಿನವೂ ಬದುಕಲು ಆಗುವುದಿಲ್ಲ.

ವೋಲ್ಟೇಜಿಗೆ ಮಿತಿ ಎಷ್ಟು? ಇಂಟೆಲ್‌ನ 14 ನ್ಯಾನೊಮೀಟರ್ ಕಾಲದ ಚಿಪ್‌ಗಳಲ್ಲಿ ದಿನಬಳಕೆಗೆ 1.35 ವೋಲ್ಟನ್ನು ಗಡಿ ಅಂತ ಹೆಚ್ಚಿನವರು ಇಟ್ಟುಕೊಳ್ಳುತ್ತಾರೆ. ರೈಜನ್ 5000ರಲ್ಲಿ ಫಿಕ್ಸೆಡ್ ವೋಲ್ಟೇಜ್ ಕೊಡುವುದಾದರೆ 1.25ರ ಆಸುಪಾಸು ನಿಲ್ಲಿ. ರೈಜನ್ ಬಳಸುವವರನ್ನು ಒಂದು ವಿಷಯ ದಾರಿ ತಪ್ಪಿಸುತ್ತದೆ: ಡೀಫಾಲ್ಟ್‌ನಲ್ಲಿ, ಹಗುರ ಕೆಲಸ ಇರುವಾಗ ಅದು 1.4ರಿಂದ 1.5 ವೋಲ್ಟ್ ತೋರಿಸುತ್ತದೆ. ಅದು ಸಹಜ, ಆಗ ಒಂದೆರಡು ಕೋರ್‌ಗೆ ಮಾತ್ರ ಕೆಲಸ, ಕರೆಂಟ್ ಕಡಿಮೆ. ಅದನ್ನು ನೋಡಿ ಎಲ್ಲ ಕೋರ್‌ಗೂ ಸದಾಕಾಲ 1.4 ಕಟ್ಟಿಹಾಕಿದರೆ ಚಿಪ್ ಸವೆಯುತ್ತದೆ. ಹೆಚ್ಚಿನ ವೋಲ್ಟೇಜ್, ಹೆಚ್ಚಿನ ಕರೆಂಟ್, ಹೆಚ್ಚಿನ ಶಾಖ ಮೂರೂ ಸೇರಿದಾಗ ಒಳಗಿನ ಲೋಹದ ಎಳೆಗಳಲ್ಲಿ ಪರಮಾಣುಗಳೇ ಜಾಗ ಬಿಟ್ಟು ಸರಿಯುತ್ತವೆ. ಮೊದಲು ಸಾಕಾಗುತ್ತಿದ್ದ ವೋಲ್ಟೇಜ್ ಕೆಲವು ತಿಂಗಳ ನಂತರ ಸಾಕಾಗದಿದ್ದರೆ ಅದು ಈ ಸವೆತದ ಗುರುತು.

ಉಷ್ಣಾಂಶಕ್ಕೆ ನನ್ನ ಗಡಿ ಗಟ್ಟಿ ಪರೀಕ್ಷೆಯಲ್ಲಿ 85 ಡಿಗ್ರಿ. ನನ್ನ ಆ 8600ಕೆಗೆ ಇಂಟೆಲ್ ಇಟ್ಟ ಗಡಿ 100. ಆ ಗಡಿ ಮುಟ್ಟಿದರೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಮಲ್ಟಿಪ್ಲೈಯರ್ ಏರಿಸಿದರೂ ಸಿನೆಬೆಂಚ್ ಅಂಕ ಕಡಿಮೆಯಾಯಿತು ಅಂದರೆ ಹೀಗೇ ಆಗಿದೆ ಅಂತ ತಿಳಿಯಿರಿ.

ಸ್ಥಿರವಾಗಿದೆ ಅಂತ ಯಾವಾಗ ಹೇಳಬಹುದು?

ಸಿನೆಬೆಂಚ್ ದಾಟಿದ್ದು ಬಾಗಿಲು ದಾಟಿದ ಹಾಗೆ ಮಾತ್ರ. ನನ್ನ ಜಿಪ್ ಫೈಲ್‌ಗಳು ಹಾಳಾದದ್ದು ಇಲ್ಲೇ ನಿಲ್ಲಿಸಿದ್ದಕ್ಕೆ.

ಪ್ರೈಮ್95 ಹುಟ್ಟಿದ್ದು ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು. ದೊಡ್ಡ ಸಂಖ್ಯೆಗಳನ್ನು ದಶಮಾಂಶದ ಲೆಕ್ಕದಲ್ಲಿ ಗುಣಿಸಿ, ಬಂದ ಉತ್ತರವನ್ನು ಹತ್ತಿರದ ಪೂರ್ಣಾಂಕಕ್ಕೆ ತರುವುದು ಅದರ ಕ್ರಮ. ಚಿಪ್ ಸರಿಯಿದ್ದರೆ ಉತ್ತರ ಪೂರ್ಣಾಂಕದ ಪಕ್ಕದಲ್ಲೇ ಬೀಳುತ್ತದೆ. ತಪ್ಪಿದರೆ ಪರದೆಯಲ್ಲಿ ಒಂದು ಸಾಲು ಬರುತ್ತದೆ: ರೌಂಡಿಂಗ್ 0.5 ಬಂದಿದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು. ಅಂದರೆ ಉತ್ತರ ಎರಡು ಪೂರ್ಣಾಂಕಗಳ ನಟ್ಟನಡುವೆ ಬಿದ್ದಿದೆ, ಯಾವ ಕಡೆಗೂ ಸೇರಿಸಲಾಗದು. ಕಂಪ್ಯೂಟರ್ ಕ್ರ್ಯಾಶ್ ಆಗಿರುವುದಿಲ್ಲ, ಮೌಸ್ ಓಡಾಡುತ್ತಿರುತ್ತದೆ, ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಒಂದು ಕೋರ್ ಮಾತ್ರ ಲೆಕ್ಕ ತಪ್ಪಿ ಕೆಲಸ ನಿಲ್ಲಿಸಿರುತ್ತದೆ. ಫೈಲ್ ಹಾಳುಮಾಡುವ ಆ ಸದ್ದಿಲ್ಲದ ತಪ್ಪು ಇದೇ. ಇದನ್ನು ಕಣ್ಣಾರೆ ನೋಡಿದ ಮೇಲೆ ನಾನು ಪರೀಕ್ಷೆಯ ಸಮಯವನ್ನು ಎಂದೂ ಮೊಟಕು ಮಾಡಿಲ್ಲ.

ಅದರಲ್ಲಿ 'ಸ್ಮಾಲ್ ಎಫ್‌ಎಫ್‌ಟಿ' ಅತಿ ಹೆಚ್ಚು ಶಾಖ ಹುಟ್ಟಿಸುವ ಪರೀಕ್ಷೆ, ಎವಿಎಕ್ಸ್ (ಭಾರದ ಲೆಕ್ಕಗಳಿಗಾಗಿ ಇರುವ ಚಿಪ್‌ನ ವಿಶೇಷ ಸೂಚನೆಗಳು) ಆನ್ ಇದ್ದರಂತೂ ದಿನನಿತ್ಯದ ಯಾವ ಕೆಲಸವೂ ಅಷ್ಟು ಕಾಯಿಸುವುದಿಲ್ಲ. ಶುರು ಮಾಡಿ ಮೊದಲ ಎರಡು ನಿಮಿಷ ಉಷ್ಣಾಂಶದ ಮೇಲಿಂದ ಕಣ್ಣು ತೆಗೆಯಬೇಡಿ, 95 ದಾಟಿದರೆ ಕೂಡಲೇ ನಿಲ್ಲಿಸಿ. ಅರ್ಧ ಗಂಟೆ ಇದು ಸಾಕು. ಆಮೇಲೆ 'ಬ್ಲೆಂಡ್' ಹಾಕಿ ರಾತ್ರಿ ಪೂರ್ತಿ ಬಿಡಿ. ಅದರ ನಂತರ ಕೆಲವು ದಿನ ನಿಮ್ಮ ಮಾಮೂಲಿ ಗೇಮ್, ಮಾಮೂಲಿ ಕೆಲಸ ಮಾಡಿ ನೋಡಿ. ಭಾರ ಏರುತ್ತ ಇಳಿಯುತ್ತ ಇರುವ ಗೇಮ್‌ಗಳು ಕೆಲವೊಮ್ಮೆ ಪ್ರೈಮ್95 ಹಿಡಿಯದ ತಪ್ಪನ್ನೂ ಹಿಡಿಯುತ್ತವೆ.

ನಡುವೆ ಒಂದು ಕಡೆ ಇಣುಕಬೇಕು. ಎಚ್‌ಡಬ್ಲ್ಯೂಇನ್ಫೊದ ತೀರ ಕೆಳಗೆ ವಿಂಡೋಸ್ ಹಾರ್ಡ್‌ವೇರ್ ಎರರ್‌ಗಳ ಎಣಿಕೆ ಇದೆ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಇದೇ ವ್ಹಿಯಾ ಲಾಗರ್ ಹೆಸರಿನಲ್ಲಿ ಕಾಣುತ್ತದೆ. ಸಂಖ್ಯೆ 19 ಅಂದರೆ ಚಿಪ್ ತಪ್ಪು ಮಾಡಿ ತಾನೇ ತಿದ್ದಿಕೊಂಡಿದೆ. ತಿದ್ದಿಕೊಂಡಿತಲ್ಲ ಅಂತ ಸುಮ್ಮನಿರಬೇಡಿ, ಅಂಚಿನಲ್ಲಿ ನಿಂತಿದೆ ಅಂತ ಅರ್ಥ. ಎಣಿಕೆ ಸೊನ್ನೆಯೇ ಇರಬೇಕು. ನೀಲಿ ಪರದೆಯಲ್ಲಿ 'ವ್ಹಿಯಾ ಅನ್‌ಕರೆಕ್ಟಬಲ್ ಎರರ್' ಅಥವಾ 'ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್' ಬಂದರೆ ಹೆಚ್ಚಾಗಿ ವೋಲ್ಟೇಜ್ ಸಾಲುತ್ತಿಲ್ಲ. ಪರಿಹಾರ ಎರಡೇ: 0.01 ವೋಲ್ಟ್ ಏರಿಸಿ, ಇಲ್ಲವೇ ಮಲ್ಟಿಪ್ಲೈಯರ್ ಒಂದು ಇಳಿಸಿ. ಸಂದೇಹ ಬಂದಾಗ ನಾನು ಇಳಿಸುತ್ತೇನೆ.

ರೈಜನ್ ಇರುವವರಿಗೆ ಬೇರೆ ದಾರಿ

ರೈಜನ್ 5000 ಮತ್ತು ಆಮೇಲಿನ ಚಿಪ್‌ಗಳಲ್ಲಿ ಎಲ್ಲ ಕೋರ್‌ಗೂ ಒಂದೇ ವೇಗ ಕಟ್ಟುವುದು ನನಗೆ ಹಿಡಿಸುವುದಿಲ್ಲ. ಒಂದೇ ಕೋರ್ ಓಡುವಾಗ ಅದು ತಾನಾಗಿಯೇ ಮುಟ್ಟುವ ವೇಗ, ನೀವು ಎಲ್ಲಕ್ಕೂ ಕಟ್ಟುವ ವೇಗಕ್ಕಿಂತ ಹೆಚ್ಚಿರುತ್ತದೆ. ಕಟ್ಟಿಹಾಕಿದರೆ ಅದನ್ನು ಕಳೆದುಕೊಳ್ಳುತ್ತೀರಿ. ಬದಲಿಗೆ ಬಯಾಸ್‌ನಲ್ಲಿ ಪಿಬಿಒ, ಅಂದರೆ ಪ್ರಿಸಿಶನ್ ಬೂಸ್ಟ್ ಓವರ್‌ಡ್ರೈವ್ ಆನ್ ಮಾಡಿ, ಅದರೊಳಗಿನ ಕರ್ವ್ ಆಪ್ಟಿಮೈಜರ್ ಬಳಸಿ.

ಕರ್ವ್ ಆಪ್ಟಿಮೈಜರ್ ಮಾಡುವುದು ಇಷ್ಟೇ: ಪ್ರತಿ ವೇಗಕ್ಕೂ ಚಿಪ್ ಕೇಳುವ ವೋಲ್ಟೇಜನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಒಂದು ಹೆಜ್ಜೆ ಅಂದರೆ ಸುಮಾರು 3ರಿಂದ 5 ಮಿಲಿವೋಲ್ಟ್. ವೋಲ್ಟೇಜ್ ಇಳಿದರೆ ಶಾಖ ಇಳಿಯುತ್ತದೆ, ಉಳಿದ ಜಾಗವನ್ನು ಚಿಪ್ ತಾನೇ ವೇಗಕ್ಕೆ ಬಳಸಿಕೊಳ್ಳುತ್ತದೆ. ತಣ್ಣಗೂ ಇರುತ್ತದೆ, ಚುರುಕೂ ಆಗುತ್ತದೆ. ಎಲ್ಲ ಕೋರ್‌ಗೂ ಮೈನಸ್ 10ರಿಂದ ಶುರು ಮಾಡಿ, ಐದೈದಾಗಿ ಮುಂದುವರಿಯಿರಿ. ಎಲ್ಲ ಕೋರ್‌ಗಳೂ ಒಂದೇ ಸಮ ಇರುವುದಿಲ್ಲ. ಅತಿ ಒಳ್ಳೆಯ ಕೋರ್‌ಗಳೆಂದು ಚಿಪ್ ಗುರುತಿಸಿದವು ಮೊದಲೇ ಬಿಗಿಯಾಗಿ ಓಡುತ್ತಿರುತ್ತವೆ, ಅವುಗಳಿಗೆ ಇಳಿಸುವ ಅವಕಾಶ ಕಡಿಮೆ.

ಇಲ್ಲಿ ಪರೀಕ್ಷೆಯೂ ಬೇರೆ. ಎಲ್ಲ ಕೋರ್‌ಗೂ ಭಾರ ಹಾಕಿದಾಗ ವೇಗ ಹೇಗೂ ಇಳಿದಿರುತ್ತದೆ, ತಪ್ಪು ಹೊರಬೀಳುವುದಿಲ್ಲ. ಹಗುರ ಕೆಲಸದಲ್ಲಿ, ಅಥವಾ ಸುಮ್ಮನೆ ಬಿಟ್ಟು ಎದ್ದುಹೋದಾಗ ಕಂಪ್ಯೂಟರ್ ಮರುಶುರುವಾಗುತ್ತದೆ. ಆದ್ದರಿಂದ ಕೋರ್‌ಸೈಕ್ಲರ್ ಎಂಬ ಸಣ್ಣ ಸಾಧನ ಬಳಸಿ, ಅದು ಒಂದೊಂದೇ ಕೋರನ್ನು ಸರದಿಯಲ್ಲಿ ಪರೀಕ್ಷಿಸುತ್ತದೆ. ಯಾವ ಕೋರ್ ತಪ್ಪಿತೋ ಅದಕ್ಕೆ ಮಾತ್ರ ಐದು ಹೆಜ್ಜೆ ವಾಪಸ್ ಕೊಡಿ.

ಆಮೇಲಿನ ದಿನಗಳು

ಪ್ರೊಸೆಸರ್ ಸ್ಥಿರವಾದ ಮೇಲೆ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಮತ್ತೆ ಆನ್ ಮಾಡಿ ಇನ್ನೊಮ್ಮೆ ರಾತ್ರಿಯ ಪರೀಕ್ಷೆ ನಡೆಸಿ. ಮೆಮೊರಿ ವೇಗ ಏರಿದಾಗ ಪ್ರೊಸೆಸರಿನೊಳಗಿನ ಮೆಮೊರಿ ಕಂಟ್ರೋಲರಿಗೂ ಭಾರ ಬೀಳುತ್ತದೆ. ಈಗ ತಪ್ಪು ಬಂದರೆ ಅದು ಮೆಮೊರಿ ಕಡೆಯದು ಅಂತ ನಿಮಗೆ ಮೊದಲೇ ಗೊತ್ತು, ಬೇರೆ ಬೇರೆಯಾಗಿ ಪರೀಕ್ಷಿಸಿದ್ದರ ಲಾಭ ಇದು.

ಕೊನೆಯ ಸೆಟ್ಟಿಂಗನ್ನು ಬಯಾಸ್‌ನಲ್ಲೇ ಪ್ರೊಫೈಲ್ ಆಗಿ ಉಳಿಸಿ. ಆದರೆ ಬಯಾಸ್ ಅಪ್‌ಡೇಟ್ ಮಾಡಿದಾಗ ಆ ಪ್ರೊಫೈಲ್‌ಗಳು ಅಳಿಸಿಹೋಗುವುದುಂಟು, ಹಾಗಾಗಿ ಪ್ರತಿ ಪುಟವನ್ನೂ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಅಪ್‌ಡೇಟ್ ಆದ ಮೇಲೆ ಅವೇ ಅಂಕಿಗಳನ್ನು ಹಾಕಿದರೂ ಪರೀಕ್ಷೆ ಮತ್ತೆ ಮಾಡಲೇಬೇಕು, ಹೊಸ ಬಯಾಸ್ ವೋಲ್ಟೇಜನ್ನು ಬೇರೆ ರೀತಿ ನಡೆಸಬಹುದು.

ತಂಪು ದಿನಗಳಲ್ಲಿ ಮಾಡಿದ ಓವರ್‌ಕ್ಲಾಕನ್ನು ಸೆಕೆಯ ದಿನಗಳಲ್ಲಿ ಇನ್ನೊಮ್ಮೆ ನೋಡಿ. ಕೋಣೆ ಹತ್ತು ಡಿಗ್ರಿ ಕಾದರೆ ಚಿಪ್ ಕೂಡ ಸರಿಸುಮಾರು ಹತ್ತು ಡಿಗ್ರಿ ಕಾಯುತ್ತದೆ, ಅಂಚಿನಲ್ಲಿದ್ದ ಸೆಟ್ಟಿಂಗ್ ಆಗ ಜಾರುತ್ತದೆ. ಮುಂದೆ ಯಾವಾಗಲಾದರೂ ಕಂಪ್ಯೂಟರ್ ಕಾರಣವಿಲ್ಲದೆ ಕ್ರ್ಯಾಶ್ ಆದರೆ, ಡ್ರೈವರ್ ಮರುಹಾಕುವ ಮುಂಚೆ, ವಿಂಡೋಸ್ ಮರುಹಾಕುವ ಮುಂಚೆ, ಬಯಾಸ್‌ಗೆ ಹೋಗಿ ಡೀಫಾಲ್ಟ್ ಹಾಕಿ ಎರಡು ದಿನ ಓಡಿಸಿ ನೋಡಿ. ಕ್ರ್ಯಾಶ್ ನಿಂತರೆ ನೋಟ್‌ಬುಕ್ ತೆಗೆಯಿರಿ, ಹೋದ ಸಲ ದಾಟಿದ್ದ ಸಾಲಿಗಿಂತ ಒಂದು ಸಾಲು ಹಿಂದಕ್ಕೆ ಬಂದು, ಅಲ್ಲಿಂದ ಪರೀಕ್ಷೆ ಮತ್ತೆ ಶುರು ಮಾಡಿ.